ಈ ಸಂಬಂಧ ನಂಬಿಕೆಗೆ ಅರ್ಹವಲ್ಲ

ಪುಕ್ಕಲನ ಕೈಗೆ ಕೊಟ್ಟ ಕೆಲಸ ಕೆಡುವುದಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಧೈರ್ಯವಂತರು ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ನೋಡದೆ ಊರಿಗೆ ಹೊರಟುಬಿಡುತ್ತಾರೆ. ನಾನು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡುತ್ತೇನೆ. ನೋಡಿ, ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ, ನಾನು ನೋಡಿದ್ದು ನಿಜವೇ ಎಂದು ಹೆಂಡತಿಯನ್ನು ಕೇಳುತ್ತೇನೆ. ಹೀಗಾಗಿ ನಮ್ಮ ಮನೆಗೆ ಇದುವರೆಗೆ ಬೆಂಕಿ ಬಿದ್ದಿಲ್ಲ. ಬಸ್ಸು ತಪ್ಪಿದೆ, ಅಷ್ಟೇ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಹೆಂಡತಿ ಸವಿತ ಮಳವಳ್ಳಿ ಪಕ್ಕದ ಹಳ್ಳಿಯವಳು. ಅವಳ ತಂಗಿ ರಮ್ಯ ಮಂಡ್ಯದಲ್ಲೇ ಆಸ್ಪತ್ರೆಯೊಂದರಲ್ಲಿ ನರ್ಸು. ಈ ರಮ್ಯ, ತನ್ನನ್ನು ನೋಡಲು ಬಂದ ಗಂಡುಗಳಿಗೆಲ್ಲ ಏನಾದರೊಂದು ಕುಂದು ಹುಡುಕಿ ವಾಪಸು ಕಳಿಸುತ್ತಿದ್ದಳು. ಒಬ್ಬ ಜಾಸ್ತಿ ಮಾತಾಡುತ್ತಾನೆ, ಇನ್ನೊಬ್ಬ ಮಾತೇ ಆಡುವುದಿಲ್ಲ, ಮತ್ತೊಬ್ಬನಿಗೆ ಇಂಜೆಕ್ಷನ್ ಕಂಡರೆ ಭಯ. ಕೊನೆಗೆ ಮದ್ದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಕಾಂತರಾಜು ಬಂದ. ರಮ್ಯ ತಲೆ ಎತ್ತಿ ನೋಡಿ ಹೂಂ ಅಂದಳು. ನಮ್ಮ ಅತ್ತೆ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈ ಸಂಬಂಧ ಕೈತಪ್ಪಿದರೆ ಇವಳು ಇನ್ನೊಂದಕ್ಕೆ ಒಪ್ಪುವುದಿಲ್ಲ ಎಂಬ ಭಯ ಮನೆಯ ಎಲ್ಲರಿಗೂ ಇತ್ತು. ನನಗೆ ಸ್ವಲ್ಪ ಜಾಸ್ತಿ ಇತ್ತು.

ಗಂಡಿನ ಕಡೆಯೂ ಸುಲಭಕ್ಕೆ ಒಪ್ಪಿದವರಲ್ಲ. ಹುಡುಗನ ಅಜ್ಜಿ ದೊಡ್ಡತಾಯಮ್ಮ ಮನೆದೇವರ ಗುಡಿಗೆ ಹೋಗಿ ಹೂ ಕೇಳಿದ್ದರು. ದೇವರ ಬಲಗಡೆಯಿಂದ ಹೂ ಬಿದ್ದರೆ ಆಯಿತು ಎಂದರ್ಥ, ಎಡಗಡೆಯಿಂದ ಬಿದ್ದರೆ ಬೇಡ ಎಂದರ್ಥ. ಬಲಕ್ಕೆ ಬಿತ್ತು. ಅದಾದ ಮೇಲೆಯೇ ಹುಡುಗನ ಅಪ್ಪ ನಿಂಗೇಗೌಡರು ನಮ್ಮ ಮಾವನವರ ಜೊತೆ ತಟ್ಟೆ ಬದಲಾಯಿಸಿದ್ದು.

ಇನ್ನು ಉಳಿದದ್ದು ಊಟದ ಚಿಂತೆ. ನಮ್ಮ ಸೀಮೆಯಲ್ಲಿ ತಾಳಿ ಕಟ್ಟಿದರೆ ಅರ್ಧ ಮದುವೆ. ಆಮೇಲಿನ ಬೀಗರ ಊಟದಲ್ಲಿ ಮುದ್ದೆ, ಮಟನ್ ಸಾರು ಬಡಿಸಿ ಎರಡೂ ಕಡೆಯವರು ಬೆವರು ಒರೆಸಿಕೊಂಡಾಗ ಉಳಿದರ್ಧ. ನನ್ನ ಮತ್ತು ಸವಿತಳ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಬಾಡು ಸಾಲದೆ ಹೋಗಿತ್ತು. ಆ ಪಂಕ್ತಿಯಲ್ಲಿ ಕೂತಿದ್ದ ಸವಿತಳ ಚಿಕ್ಕಪ್ಪ ಈಗಲೂ ನನ್ನನ್ನು ಕಂಡರೆ, "ನಿಮ್ ಮದ್ವೇಲಿ ಬರೀ ಸಾರ್ ಕುಡ್ಕೊಂಡ್ ಬಂದೋ ಕಣಪ್ಪ" ಎನ್ನುತ್ತಾರೆ. ಮದುವೆ ಹೇಗಿತ್ತು ಎಂಬುದು ಅವರಿಗೆ ನೆನಪಿಲ್ಲ.

"ಈ ಸಲ ಅಂಗಾಗ್ಬಾರ್ದು ಅಳೀಮಯ್ಯ" ಎಂದರು ಮಾವ. "ಎಷ್ಟ್ ಜನ ಬತ್ತೀರಾ ಅಂದ್ರೆ ಎಲ್ರೂ ಬತ್ತೀವ್ ಬುಡಿ ಅಂತಾರೆ. ಬತ್ತೀವಿ ಅಂದ್ರೆ ಗಂಡ ಎಂಡ್ತೀನೋ, ಇಡೀ ಬೀದೀನೋ?"

"ನಾನೊಂದು ಆಪ್ ಮಾಡ್ತೀನಿ ಮಾವ" ಎಂದೆ. ಯಾರೂ ಕೇಳಿರಲಿಲ್ಲ. ನಾನಾಗಿಯೇ ಹೇಳಿದ್ದು.

ಫೋನಿನಲ್ಲಿ ತೆರೆದರೆ ಮೊದಲು ರಮ್ಯ, ಕಾಂತರಾಜು ಇಬ್ಬರ ಫೋಟೋ. ಕೆಳಗೆ ಲಗ್ನಪತ್ರಿಕೆ, ಛತ್ರಕ್ಕೆ ಹೋಗುವ ದಾರಿ, ಆಮೇಲೆ ಪ್ರಶ್ನೆ: ನಿಮ್ಮ ಮನೆಯಿಂದ ಎಷ್ಟು ಜನ? ಬಾಡು ತಿನ್ನುವವರೆಷ್ಟು, ತಿನ್ನದವರೆಷ್ಟು? ಯಾರು ಬರೆದರೂ ಎಲ್ಲರಿಗೂ ಕಾಣುತ್ತದೆ. ಇದನ್ನು ಕೇಳಿ ಮಾವನವರ ಮುಖ ಅರಳಲಿಲ್ಲ, ಕಿರಿದಾಯಿತು.

"ಫೋನಿಗೆ ಲಗ್ನಪತ್ರಿಕೆ ಬತ್ತದಂತೆ, ಒತ್ತುದ್ರೆ ಬ್ಯಾಂಕಲ್ಲಿರೋದೆಲ್ಲ ಬಳ್ಕೊಂಡ್ ಓಯ್ತಾರಂತೆ. ಪೇಪರ್‌ನಾಗೆ ಬಂದಿತ್ತು. ನಿಮ್ದೂ ಅಂತದೇನಾ?"

"ಛೆ, ಛೆ. ಇದು ಸರ್ಟಿಫಿಕೇಟ್ ಇರೋ ಆಪು ಮಾವ."

"ಸರ್ಟಿಫಿಕೇಟ್ ಅದೆ ಅಂದ್ರೆ ಸರಿ ಬುಡಿ" ಎಂದು ಅವರು ಒಪ್ಪಿಕೊಂಡುಬಿಟ್ಟರು.

ಸರ್ಟಿಫಿಕೇಟ್ ಇತ್ತು ಎಂಬುದು ಸುಳ್ಳಲ್ಲ. ಆಪು ಫೋನಿನಲ್ಲಿ ಕೂತಿರುತ್ತದೆ, ಮಾಹಿತಿ ಮಾತ್ರ ಎಲ್ಲೋ ದೂರದ ಸರ್ವರ್ ಎಂಬ ಕಂಪ್ಯೂಟರಿನಲ್ಲಿರುತ್ತದೆ. ಇವೆರಡೂ ಮಾತಿಗೆ ಕೂರುವ ಮುಂಚೆ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸಬೇಕು, ನಾನು ಇಂಥವನೇ, ಬೇರೆ ಯಾವ ಕಳ್ಳನೂ ಅಲ್ಲ ಎಂದು. ಅದಕ್ಕೆ ದೊಡ್ಡ ಸಂಸ್ಥೆಯೊಂದು ಸಹಿ ಹಾಕಿರಬೇಕು, ಜಾತಿ ಸರ್ಟಿಫಿಕೇಟಿಗೆ ತಹಸೀಲ್ದಾರರು ಹಾಕುವ ಹಾಗೆ. ಸಹಿ ನೋಡಿ ಫೋನು ನಂಬುತ್ತದೆ. ಲೋಕವೆಲ್ಲ ಇಷ್ಟಕ್ಕೇ ಸಮಾಧಾನವಾಗಿ ಬದುಕುತ್ತಿದೆ.

ನನಗೆ ಸಮಾಧಾನವಾಗಲಿಲ್ಲ. ತಹಸೀಲ್ದಾರರ ಸಹಿಯನ್ನೇ ಯಾರಾದರೂ ನಕಲು ಮಾಡಿದರೆ? ಬೀಗರ ಮನೆಯ ಬ್ಯಾಂಕ್ ಖಾತೆ ಬರಿದಾದರೆ? ಪೊಲೀಸರು ಬಂದು, ಈ ಆಪು ಬರೆದ ಮೇಷ್ಟ್ರು ಯಾರು ಎಂದು ಕೇಳಿದರೆ? ಪಾಠ ಮಾಡುವಾಗಲೂ ಇದೇ ಯೋಚನೆ. ಆದ್ದರಿಂದ ಕೋಡಿನಲ್ಲಿ ಒಂದು ಕಟ್ಟಪ್ಪಣೆ ಬರೆದೆ: ಇವತ್ತು ನಮ್ಮ ಸರ್ವರಿನ ಹತ್ತಿರ ಇರುವ ಈ ಒಂದು ಸರ್ಟಿಫಿಕೇಟನ್ನು ಮಾತ್ರ ನಂಬತಕ್ಕದ್ದು. ಬೇರೆ ಸರ್ಟಿಫಿಕೇಟನ್ನು ಬ್ರಹ್ಮನೇ ಸಹಿ ಹಾಕಿ ತಂದರೂ ಬಾಗಿಲು ತೆರೆಯತಕ್ಕದ್ದಲ್ಲ.

ಬಾಗಿಲು ತೆರೆಯದಿದ್ದಾಗ ಫೋನಿನ ಮೇಲೆ ಏನಾದರೂ ಬರಬೇಕಲ್ಲ. ಎಲ್ಲರೂ ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ಕನ್ನಡಾಭಿಮಾನಿ. ಕನೆಕ್ಷನ್ ಎಂಬುದಕ್ಕೆ ಸಂಪರ್ಕ ಎಂದು ಬರೆದು ನೋಡಿದೆ. ನಲ್ಲಿ ಸಂಪರ್ಕ, ಒಳಚರಂಡಿ ಸಂಪರ್ಕ ಎಂಬಂತೆ ಕೇಳಿಸಿತು. ಮದುವೆಯ ಆಪಿಗೆ ಇನ್ನೂ ಆತ್ಮೀಯವಾದ ಪದ ಬೇಕು ಅನ್ನಿಸಿ, ಅಳಿಸಿ, ಸಂಬಂಧ ಎಂದು ಬರೆದೆ. ಆ ಪದದ ಸೊಗಸಿಗೆ ನಾನೇ ತಲೆದೂಗಿದೆ.

ಆಮೇಲೆ ಮಾವನವರ ಜೊತೆ ಲಗ್ನಪತ್ರಿಕೆ ಹಂಚಲು ಹೋದ ಮನೆಗಳಲ್ಲೆಲ್ಲ ಅವರು ಅರಿಶಿನ ಕುಂಕುಮ ಕೊಟ್ಟರು, ನಾನು ಫೋನ್ ಇಸ್ಕೊಂಡು ಆಪು ಹಾಕಿಕೊಟ್ಟೆ. "ನಮ್ ಅಳೀಮಯ್ಯ ಮಾಡಿರೋದು. ಸರ್ಟಿಫಿಕೇಟ್ ಅದೆ" ಎಂದು ಮಾವ ಪ್ರತಿ ಮನೆಯಲ್ಲೂ ಹೇಳಿದರು. ಬೀಗರ ಮನೆಯಲ್ಲಂತೂ ಅದು ಬಹಳ ಹಿಡಿಸಿತು. ದಿನಾ ಬೆಳಿಗ್ಗೆ ನಿಂಗೇಗೌಡರು ಕಾಫಿ ಕುಡಿಯುತ್ತ ಆಪು ತೆರೆದು, ಯಾವ ಊರಿಂದ ಎಷ್ಟು ಜನ ಬರುತ್ತಾರೆ ಎಂದು ಅಜ್ಜಿಗೆ ಓದಿ ಹೇಳುತ್ತಿದ್ದರಂತೆ. ಬಾಡು ತಿನ್ನದ ನೆಂಟರ ಹೆಸರು ಬಂದಾಗ ಅಜ್ಜಿ ಅಯ್ಯೋ ಪಾಪ ಎನ್ನುತ್ತಿದ್ದರಂತೆ.

ಮದುವೆ ಇನ್ನೇನು ಹತ್ತಿರ ಬಂತು ಎನ್ನುವಾಗ ಒಂದು ದಿನ ನಾನು ತರಗತಿಯಲ್ಲಿದ್ದೆ. ಸವಿತ ಬಿಟ್ಟೂಬಿಡದೆ ಫೋನ್ ಮಾಡಿದಳು. ಹೊರಗೆ ಬಂದು ಎತ್ತಿದೆ.

"ರೀ, ಬೀಗರು ಬೆಳಗ್ಗೆಯಿಂದ ಅಪ್ಪನ ಫೋನ್ ಎತ್ತುತ್ತಿಲ್ಲವಂತೆ. ಅಪ್ಪನಿಗೆ ಗಾಬರಿ ಆಗಿದೆ."

"ಅಂಗಡಿಯಲ್ಲಿ ಗಿರಾಕಿ ಇರಬೇಕು ಬಿಡು."

"ಮನೆಯವರು ಯಾರೂ ಎತ್ತುತ್ತಿಲ್ಲ. ಅದಿರಲಿ, ನಿಮ್ಮ ಆಪ್ ತೆಗೆದು ನೋಡಿ ಸ್ವಲ್ಪ."

ತೆಗೆದೆ. ರಮ್ಯ, ಕಾಂತರಾಜು ಇಬ್ಬರೂ ನಗುತ್ತಿದ್ದರು. ಅವರ ನಗುವಿನ ಮೇಲೆ ಕೆಂಪು ಪಟ್ಟಿ. ಪಟ್ಟಿಯ ಮೇಲೆ ನಾನೇ ಆರಿಸಿದ ದಪ್ಪ ಅಕ್ಷರ.

"ಎಚ್ಚರಿಕೆ! ಈ ಸಂಬಂಧ ನಂಬಿಕೆಗೆ ಅರ್ಹವಲ್ಲ. ಹೊಂದಾಣಿಕೆ ಆಗುತ್ತಿಲ್ಲ. ಮುಂದುವರಿಯಬೇಡಿ. ದಯವಿಟ್ಟು ಹಿಂದಿರುಗಿ."

ಬರೆಯುವಾಗ ನಾನು ಇದನ್ನು ಆಪಿನ ಕಣ್ಣಿನಿಂದ ಓದಿದ್ದೆ. ಈಗ ಮೊದಲ ಸಲ ಬೀಗರ ಕಣ್ಣಿನಿಂದ ಓದಿದೆ.

"ಇದನ್ನ ಬರೆದದ್ದು ಯಾರು?" ಎಂದಳು ಸವಿತ.

"ಅದು... ಕಂಪ್ಯೂಟರ್ ಬರೆಯುತ್ತೆ."

"ಕಂಪ್ಯೂಟರಿಗೆ ಕನ್ನಡ ಕಲಿಸಿದ್ದು ಯಾರು?"

ಉತ್ತರ ಅವಳಿಗೆ ಗೊತ್ತಿತ್ತು.

ಆದದ್ದು ಇಷ್ಟು. ನಾನು ತಂದಿದ್ದು ಪುಕ್ಕಟೆ ಸಿಗುವ ಸರ್ಟಿಫಿಕೇಟು. ಅದಕ್ಕೆ ಆಯಸ್ಸು ಕಡಿಮೆ. ಅದು ಮುಗಿಯುವ ಮೊದಲೇ ಸರ್ವರ್ ತಾನಾಗಿಯೇ ಹೊಸದನ್ನು ತರಿಸಿಕೊಳ್ಳಲಿ ಎಂಬ ಏರ್ಪಾಡನ್ನೂ ನಾನೇ ಮಾಡಿದ್ದೆ, ಮರೆತರೆ ಎಂಬ ಭಯಕ್ಕೆ. ಸರ್ವರ್ ನಾನು ಹೇಳಿದ ಮಾತು ಕೇಳಿ ಹೊಸದನ್ನು ತರಿಸಿಕೊಂಡಿತ್ತು. ಆಪೂ ನಾನು ಹೇಳಿದ ಮಾತು ಕೇಳಿ ಹಳೆಯದನ್ನು ಬಿಟ್ಟು ಬೇರೆಯದನ್ನು ನಂಬಲ್ಲ ಎಂದು ಕೂತಿತ್ತು. ಎರಡೂ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದವು. ನನ್ನ ಮಾತನ್ನು ಕೇಳುವವರು ಲೋಕದಲ್ಲಿ ಇವೆರಡೇ ಇದ್ದದ್ದು, ಎರಡೂ ಸೇರಿ ನನ್ನನ್ನು ಮುಗಿಸಿದವು.

ಭಯದಲ್ಲಿ ಮನುಷ್ಯನಿಗೆ ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರೆ. ಯಾರಿಗೆ ಆಗುತ್ತದೋ ಗೊತ್ತಿಲ್ಲ. ನಾನು ಸ್ಟಾಫ್ ರೂಮಿಗೆ ಓಡಿ, ಲ್ಯಾಪ್‌ಟಾಪ್ ತೆಗೆದು, ಆಪಿಗೆ ಹಳೆಯದೇ ಬೇಕಲ್ಲವೇ, ತಗೋ ಹಳೆಯದನ್ನೇ ಎಂದು ಸರ್ವರಿನಲ್ಲಿ ಹಳೆಯ ಸರ್ಟಿಫಿಕೇಟನ್ನು ವಾಪಸು ಇಟ್ಟೆ. ಆಪು ತೆರೆದೆ. ಕೆಂಪು ಪಟ್ಟಿಯ ಹೊಂದಾಣಿಕೆಯ ಮಾತು ಮಾಯವಾಯಿತು. ಒಂದು ಕ್ಷಣ ಉಸಿರಾಡಿದೆ. ಆಮೇಲೆ ಅದೇ ಜಾಗದಲ್ಲಿ ಇನ್ನೊಂದು ಪಟ್ಟಿ ಮೂಡಿತು. ಹಳೆಯ ಸರ್ಟಿಫಿಕೇಟಿನ ತಾರೀಕು ಅಷ್ಟರಲ್ಲಿ ದಾಟಿತ್ತು. ತಾರೀಕು ದಾಟಿದರೆ ಏನು ಹೇಳಬೇಕು ಎಂಬುದನ್ನೂ ನಾನು ಮುಂದಾಲೋಚನೆಯಿಂದ ಬರೆದಿಟ್ಟಿದ್ದೆ.

"ಎಚ್ಚರಿಕೆ! ಈ ಸಂಬಂಧದ ಅವಧಿ ಮುಗಿದಿದೆ."

ಬೀಗರ ಮನೆಯಲ್ಲಿ ಬೆಳಿಗ್ಗೆ ಹೊಂದಾಣಿಕೆ ಆಗುತ್ತಿಲ್ಲ ಎಂದಿದ್ದ ಫೋನು, ಈಗ ಮುಗಿದೇ ಹೋಯಿತು ಎಂದು ತೀರ್ಪು ಕೊಟ್ಟಿತು. ನಾನು ಕುರ್ಚಿಯಲ್ಲಿ ಕೂತೆ. ಆಗ ಮಾವನವರ ಫೋನ್ ಬಂತು.

"ಏನ್ ಮಾಡ್ದೆ ನೀನು?"

ಮಾವ ಮದುವೆಯಾದಂದಿನಿಂದ ನನ್ನನ್ನು ಬನ್ನಿ, ಕೂತ್ಕಳಿ, ಉಣ್ಣಿ ಎಂದೇ ಮಾತಾಡಿಸಿದವರು. ಮುನಿಸು ಬಂದಾಗಲೂ ಬಹುವಚನದಲ್ಲೇ ಮುನಿಸಿಕೊಳ್ಳುತ್ತಿದ್ದರು. ಆ "ನೀನು" ಕೇಳಿದಾಗ, ಅಳಿಯ ಎಂಬ ನನ್ನ ಹುದ್ದೆ ಹೋಯಿತು ಎಂದು ಖಾತ್ರಿಯಾಯಿತು.

"ನಿಂಗೇಗೌಡ್ರು ಈಗ ಫೋನ್ ಮಾಡಿದ್ರು. ನಿಮ್ ಕಡಿಂದ್ಲೇ ಬ್ಯಾಡ ಅಂತ ಬರ್ದು ಕಳ್ಸಿದ್ದೀರಲ್ಲ, ಬಾಯ್ಬುಟ್ಟು ಏಳಕೆ ಏನಾಗಿತ್ತು ಅಂದ್ರು. ನಮ್ಮವ್ವ ಊಟ ಬುಟ್ಟು ಕೂತವ್ಳೆ ಅಂದ್ರು. ಈಗ ಏನ್ ಏಳ್ಲಿ?"

"ಅದು ಸರ್ಟಿಫಿಕೇಟ್ ಪ್ರಾಬ್ಲಮ್ ಮಾವ. ನಾನೇ ಬಂದು ವಿವರಿಸಿ ಹೇಳ್ತೀನಿ."

"ಬಾ. ಮದ್ದೂರ್ ಬಸ್‌ಸ್ಟ್ಯಾಂಡಲ್ಲಿ ಇರ್ತೀನಿ. ರಮ್ಯಂಗೆ ಏಳ್ಬ್ಯಾಡ. ಮಗಾ ಡ್ಯೂಟೀಲವಳೆ."

ಮಂಡ್ಯದಿಂದ ಮದ್ದೂರಿಗೆ ಎಷ್ಟು ಹೊತ್ತು? ಅವತ್ತು ಬಸ್ಸು ಎಷ್ಟು ನಿಧಾನಕ್ಕೆ ಹೋದರೂ ಬೇಗ ಹೋದಂತೆ ಅನ್ನಿಸಿತು. ಪಕ್ಕದಲ್ಲಿ ಸವಿತ ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಏನಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ನಿಂತಿದ್ದರು. ಬರಿಗೈಯಲ್ಲಿ ಬೀಗರ ಮನೆಗೆ ಹೋಗಬಾರದೆಂದು ನಾನು ಹಣ್ಣು ಕೊಂಡುಕೊಂಡೆ. "ತಕ್ಕೊ. ಇಸ್ಕತಾರೋ ಇಲ್ವೋ ನೋಡುಮ" ಎಂದರು ಮಾವ. ಕವರು ಹಿಡಿದ ಕೈ ಬೆವೆತು, ಹಣ್ಣು ಭಾರವಾಗತೊಡಗಿತು.

ನಿಂಗೇಗೌಡರ ಮನೆಯಲ್ಲಿ ಬನ್ನಿ ಎಂದರು. ಅಷ್ಟೇ ಎಂದರು. ನಮ್ಮ ಕಡೆ ಮನೆಗೆ ಬಂದವರಿಗೆ, ಅವರು ಸಾಲ ಕೇಳಲು ಬಂದಿದ್ದರೂ, ಮೊದಲು ಒಂದು ಚೊಂಬು ನೀರು ಬರುತ್ತದೆ. ಅವತ್ತು ನೀರು ಬರಲಿಲ್ಲ. ಹಣ್ಣಿನ ಕವರಿಗೆ ಯಾರೂ ಕೈ ಚಾಚಲಿಲ್ಲ, ನಾನು ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡೆ. ಎದುರಿಗೆ ನಿಂಗೇಗೌಡರು. ದಿವಾನದ ಮೇಲೆ ದೊಡ್ಡತಾಯಮ್ಮ, ಅವರ ಮುಂದೆ ಫೋನು, ಫೋನಿನಲ್ಲಿ ಕೆಂಪು. ಮೂಲೆಯ ಸ್ಟೂಲಿನ ಮೇಲೆ ಕಾಂತರಾಜು ತಲೆ ತಗ್ಗಿಸಿ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ.

"ಇದು ಅಂಥ ದೊಡ್ಡ ವಿಷಯವೇ ಅಲ್ಲ" ಎಂದು ನಾನು ಪಾಠದ ದನಿಯಲ್ಲಿ ಶುರುಮಾಡಿದೆ. "ಬರೀ ಸರ್ಟಿಫಿಕೇಟಿನದು. ಹಳೇ ಸರ್ಟಿಫಿಕೇಟ್ ಮುಗಿದುಹೋಗಿತ್ತು. ಈಗ ಹೊಸದು ಬಂದಿದೆ."

ನಿಂಗೇಗೌಡರು ಮಾವನವರ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಯಾವ್ ಸರ್ಟಿಫಿಕೇಟು? ಎಣ್ ಮಗೀದಾ?"

"ನರ್ಸ್ ಓದಿರೋದು ಅಂದ್ರಲ್ಲಪ್ಪ" ಎಂದರು ಅಜ್ಜಿ.

"ಅಲ್ಲಲ್ಲ, ಅದು ಸರಿಯಾಗೇ ಇದೆ. ಹೆಸರೂ ಅದೇ ಇದೆ. ಸರ್ಟಿಫಿಕೇಟ್ ಮಾತ್ರ ಬದಲಾಗಿದೆ."

"ಎಸ್ರು ಅದೇ, ಸರ್ಟಿಫಿಕೇಟ್ ಬ್ಯಾರೆ" ಎಂದು ನಿಂಗೇಗೌಡರು ನಿಧಾನವಾಗಿ ಹೇಳಿಕೊಂಡರು. "ಒಸ್ದುನ್ನ ಯಾರ್ ಕೊಟ್ರು?"

"ಅದು ಪುಕ್ಕಟೆ ಸಿಗುತ್ತೆ. ಕಂಪ್ಯೂಟರಿನಲ್ಲೇ ಕೂತು ಮಾಡಿಸಿಕೊಳ್ಳಬಹುದು. ಯಾರೂ ನೋಡೋಕೂ ಬರಲ್ಲ."

ನಾನು ಇದನ್ನು ಧೈರ್ಯ ತುಂಬಲೆಂದು ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಸವಿತ ನನ್ನ ಕಾಲು ತುಳಿದಳು. ನಿಂಗೇಗೌಡರು ಎದ್ದು ನಿಂತರು.

"ಕೇಳುದ್ರಾ ಗೌಡ್ರೇ?" ಎಂದರು ಮಾವನವರಿಗೆ. "ಮಗಿಗೆ ಮನೇಲಿ ಕೂತ್ಕಂಡು ಸರ್ಟಿಫಿಕೇಟ್ ಮಾಡ್ಸವ್ರೆ. ನಿಮ್ ಅಳೀಮಯ್ಯನೇ ಏಳ್ತಾವ್ರೆ. ನಾಳೆ ಆಸ್ಪತ್ರೇಲಿ ಯಾರ್ಗಾರ ಏನಾರ ಎಚ್ಚುಕಮ್ಮಿ ಆದ್ರೆ?"

ಒಂದು ಆಪಿನ ದೋಷ ಎಂದು ಹೊರಟದ್ದು ನಕಲಿ ನರ್ಸಿನ ಕೇಸಾಗಿ ಮದ್ದೂರಿನ ಹಜಾರದಲ್ಲಿ ನಿಂತಿತು. ಹಗಲಿರುಳು ಓದಿ, ಪರೀಕ್ಷೆ ಬರೆದು ನರ್ಸಾದ ಹುಡುಗಿ. ಅವಳು ಆಸ್ಪತ್ರೆಯಲ್ಲಿ ಯಾರದೋ ಜ್ವರ ನೋಡುತ್ತಿರುವಾಗ, ಅವಳ ಭಾವ ಇಲ್ಲಿ ಅವಳ ಓದನ್ನೂ ಮದುವೆಯನ್ನೂ ಒಂದೇ ಉಸಿರಿಗೆ ತೊಳೆದುಹಾಕಿದ್ದ. ನನಗೆ ನಿಜವಾಗಿಯೂ ಅಳು ಬಂತು. ಮೂಲೆಯಲ್ಲಿ ಕಾಂತರಾಜುವಿನ ಭುಜ ಇನ್ನೂ ಜೋರಾಗಿ ಅಲುಗಿತು.

ಮಾವ ನೆಲ ನೋಡುತ್ತಿದ್ದರು. ಸವಿತ ಮುಂದೆ ಬಂದು, "ಗೌಡ್ರೇ, ನನ್ನ ತಂಗಿ ಓದಿದ ಕಾಲೇಜಿಗೆ ಈಗಲೇ ಹೋಗೋಣ ಬನ್ನಿ. ಅವಳ ಪಾಸಾದ ಕಾಗದ ನಾನು ತೋರಿಸ್ತೀನಿ. ಇವರು ಹೇಳ್ತಿರೋದು ಫೋನಿನ ವಿಷಯ. ಇವರಿಗೆ ಮನುಷ್ಯರ ಜೊತೆ ಮಾತಾಡೋಕೆ ಬರಲ್ಲ, ಅಷ್ಟೇ ತಪ್ಪು" ಎಂದಳು. ಅವಮಾನವೇ ಆದರೂ ಅದೊಂದೇ ಆ ಹೊತ್ತಿಗೆ ನನ್ನ ಪರವಾಗಿ ಬಂದ ಮಾತು.

ನಿಂಗೇಗೌಡರು ಸ್ವಲ್ಪ ತಣ್ಣಗಾಗಿ ಕೂತರು. ಆದರೆ ಅಜ್ಜಿ ತಣ್ಣಗಾಗಲಿಲ್ಲ.

"ಓದಿರೋದ್ ಸುಳ್ಳು ಅಂತ ನಾನ್ ಅನ್ನಕಿಲ್ಲ ಕಣವ್ವ. ಮಗಾ ನೋಡಕೆ ಲಕ್ಸಣವಾಗವಳೆ. ದೇವ್ರೂ ಬಲಕ್ ಹೂ ಕೊಟ್ಟವ್ನೆ. ಆದ್ರೆ ಈ ಫೋನು ಒತ್ತಾರೆ ಬ್ಯಾಡ ಅಂತು. ಆಮ್ಯಾಕೆ ನೋಡುದ್ರೆ ಮುಗ್ದೋಯ್ತು ಅಂತು. ಎರಡ್ ಸಲ ಎಡಕ್ ಬಿದ್ದಂಗಲ್ವಾ? ಮೂರ್ನೇ ಸಲ ಕೇಳ್ಬೇಕು. ಈ ಫೋನೇ ಬಾಯ್ಬುಟ್ಟು ಆಯ್ತು ಅನ್ಲಿ. ಆಮ್ಯಾಕೆ ನಾನು ಒಂದ್ ಮಾತೂ ಆಡಕಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಗುಡಿಯಲ್ಲಿ ಹೂ ಬೀಳುವ ತನಕ ಭಕ್ತರು ಪೂಜಾರಿಯ ಮುಖ ನೋಡುವುದು ಹೀಗೆಯೇ ಇರಬೇಕು.

ಲ್ಯಾಪ್‌ಟಾಪ್ ತೆಗೆದೆ. ನ್ಯಾಯವಾಗಿ ಮಾಡಬೇಕೆಂದರೆ ಹೊಸ ಸರ್ಟಿಫಿಕೇಟನ್ನು ಸರ್ವರಿನಲ್ಲಿ ಮತ್ತೆ ಇಟ್ಟು, ಅದರ ಗುರುತನ್ನು ಆಪಿಗೆ ಕಲಿಸಿ, ಪರೀಕ್ಷೆ ಮಾಡಿ ನೋಡಬೇಕು. ಆ ಮನೆಯೊಳಗೆ ನೆಟ್‌ವರ್ಕ್ ಬಾಗಿಲ ತನಕ ಬಂದು ವಾಪಸು ಹೋಗುತ್ತಿತ್ತು. ಸರ್ವರ್ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿದೆ, ಸಿಗಲಿಲ್ಲ. ಬೆವರು ಕೀಲಿಗಳ ಮೇಲೆ ತೊಟ್ಟಿಕ್ಕಿತು.

"ಯಾಕೆ, ಬ್ಯಾಡ ಅಂತದಾ?" ಎಂದರು ಅಜ್ಜಿ.

"ಇಲ್ಲಜ್ಜಿ, ಯೋಚನೆ ಮಾಡ್ತಿದೆ."

"ಮಾಡ್ಲಿ ಬುಡು. ಗಡ್ಬಡಿ ಮಾಡ್ಬ್ಯಾಡ."

ಆಗ ನಾನು ಒಂದು ಕೆಲಸ ಮಾಡಿದೆ. ನನ್ನ ವಿದ್ಯಾರ್ಥಿಗಳು ಇದನ್ನು ಓದಬಾರದು ಎಂದು ಕೇಳಿಕೊಳ್ಳುತ್ತೇನೆ. ಸರ್ಟಿಫಿಕೇಟ್ ಪರೀಕ್ಷಿಸುವ ಸಾಲುಗಳನ್ನೆಲ್ಲ ಅಳಿಸಿಹಾಕಿದೆ. ಸಹಿ ನೋಡುವುದು, ತಾರೀಕು ನೋಡುವುದು, ಹೆಸರು ನೋಡುವುದು, ಎಲ್ಲವೂ ಹೋಯಿತು. ಸರ್ವರ್ ಎಂಬುದು ಇದೆಯೋ ಇಲ್ಲವೋ ಎಂದು ವಿಚಾರಿಸುವುದೂ ಹೋಯಿತು. ಬ್ರಹ್ಮನಿಗೂ ಬಾಗಿಲು ತೆರೆಯಬೇಡ ಎಂದಿದ್ದ ಆಪು ಈಗ ಬೀದಿಯಲ್ಲಿ ಹೋಗುವ ಯಾವ ಕಳ್ಳನನ್ನೂ ಒಳಗೆ ಕರೆದು ಮಣೆ ಹಾಕುವ ಹಾಗಾಯಿತು. ಉಳಿದ ಖಾಲಿ ಜಾಗದಲ್ಲಿ ಒಂದೇ ಒಂದು ವಾಕ್ಯ ಬರೆದೆ, ಹಸಿರು ಬಣ್ಣ ಕೊಟ್ಟೆ, ಕೇಬಲ್ ಸಿಕ್ಕಿಸಿ ಅಜ್ಜಿಯ ಮುಂದಿದ್ದ ಫೋನಿಗೆ ಆಪನ್ನು ಹೊಸದಾಗಿ ಹಾಕಿದೆ.

ಅಜ್ಜಿ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಫೋನಿನ ಮೇಲೆ ಬೆರಳಿಟ್ಟರು. ನಿಂಗೇಗೌಡರು ಬಗ್ಗಿ ಓದಿದರು.

"ಈ ಸಂಬಂಧ ಸುರಕ್ಷಿತವಾಗಿದೆ. ಧೈರ್ಯವಾಗಿ ಮುಂದುವರಿಯಿರಿ."

"ಇನ್ನೊಂದ್ ಸಲ ಓದ್ಲಾ" ಎಂದರು ಅಜ್ಜಿ.

ಅವರು ಇನ್ನೊಂದು ಸಲ ಓದಿದರು. ಅಜ್ಜಿ ಫೋನನ್ನು ಕಣ್ಣಿಗೊತ್ತಿಕೊಂಡು, ಎದ್ದು ಬಂದು, ನನ್ನ ತೊಡೆಯ ಮೇಲಿದ್ದ ಹಣ್ಣಿನ ಕವರನ್ನು ತೆಗೆದುಕೊಂಡು ದೇವರ ಮನೆಗೆ ಹೋದರು. ಹಿಂದೆಯೇ ನೀರು ಬಂತು. ನೀರಿನ ಹಿಂದೆ ಕಾಫಿ ಬಂತು. ಮಾವ ಎರಡನ್ನೂ ಕುಡಿದು, ಹಜಾರಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, "ಕುಡೀರಿ ಅಳೀಮಯ್ಯ" ಎಂದರು. ಆ ಒಂದು "ರಿ" ಕೇಳಿ ನನ್ನ ಕಣ್ಣು ತೇವವಾಯಿತು.

ಮದುವೆ ನಡೆಯಿತು. ಮಳವಳ್ಳಿಯಲ್ಲಿ ಬೀಗರ ಊಟವೂ ನಡೆಯಿತು. ತಲೆ ಲೆಕ್ಕ ಹಾಕಿದ್ದು ಮಾವನವರೇ, ಮನೆಮನೆಗೂ ಫೋನ್ ಮಾಡಿ, "ಬತ್ತೀವ್ ಬುಡಿ ಅನ್ಬ್ಯಾಡಿ, ತಲೆ ಏಳಿ" ಎಂದು ಗದರಿಸಿ. ಕೊನೆಯ ಪಂಕ್ತಿಗೂ ಬಾಡು ಸಾಕಾಗಿ ಮಿಕ್ಕಿತು. ಸವಿತಳ ಚಿಕ್ಕಪ್ಪ ಬೇಕೆಂದೇ ಕೊನೆಯ ಪಂಕ್ತಿಯಲ್ಲಿ ಕೂತು ಪರೀಕ್ಷೆ ಮಾಡಿದರು.

ನಾನು ಕಾಂತರಾಜು ಪಕ್ಕದಲ್ಲಿ ಕೂತಿದ್ದ ರಮ್ಯಳ ಹತ್ತಿರ ಹೋಗಿ, "ತಪ್ಪಾಯ್ತಮ್ಮ, ನಿನಗೆ ಗೊತ್ತಾಗಬಾರದು ಅಂತ ಹೇಳಿರಲಿಲ್ಲ. ನಿನ್ನ ಮದುವೆಯನ್ನೇ ಮುರಿಯೋಕೆ ಹೋಗಿದ್ದೆ" ಎಂದು ಎಲ್ಲ ಹೇಳತೊಡಗಿದೆ.

"ಗೊತ್ತು ಭಾವ" ಎಂದಳು ರಮ್ಯ. "ಆ ಕೆಂಪು ಪಟ್ಟಿ ಎಲ್ಲರಿಗಿಂತ ಮುಂಚೆ ನಾವಿಬ್ಬರೇ ನೋಡಿದ್ದು. ಇವರು ಫೋನ್ ಮಾಡಿ, ಇದು ನಿಮ್ಮ ಭಾವ ಬರೆದದ್ದಾ ಅಂದ್ರು. ಹೂಂ ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು."

"ಅವತ್ತು ಹಜಾರದಲ್ಲಿ ಇವರು ಅಳ್ತಾ ಇದ್ರಲ್ಲ?"

"ನಗು ತಡ್ಕಳಕಾಗ್ದೆ ಟವಲ್ ಕಚ್ಕಂಡಿದ್ದೆ ಭಾವ" ಎಂದ ಕಾಂತರಾಜು. "ಒತ್ತಾರೆನೇ ನಮ್ಮಪ್ಪಂಗೆ ಏಳ್ದೆ. ಫೋನೇ ಬರ್ದಿರುವಾಗ ನಿನ್ ಮಾತ್ಯಾಕ್ಲಾ ಅಂದ್ಬುಟ್ರು."

"ಹಾಗಾದರೆ ನೀವಾದರೂ ನನಗೊಂದು ಮಾತು ಹೇಳಬಾರದಿತ್ತಾ?"

"ನಮ್ಮಿಬ್ಬರಿಗೆ ಏನೂ ತೊಂದರೆ ಇರಲಿಲ್ಲವಲ್ಲ ಭಾವ" ಎಂದಳು ರಮ್ಯ. ಅಷ್ಟು ಭಯಪಟ್ಟದ್ದು ಯಾರಿಗಾಗಿಯೋ ಅವರಿಗೆ ಭಯವೇ ಇರಲಿಲ್ಲ.

ಪೆಚ್ಚಾಗಿ ಬಂದು ಊಟಕ್ಕೆ ಕೂತೆ. ದೂರದಲ್ಲಿ ದೊಡ್ಡತಾಯಮ್ಮ ತಮ್ಮ ಊರಿನ ಹೆಂಗಸರಿಗೆ ನನ್ನನ್ನು ಕೈತೋರಿಸಿ ಏನೋ ಹೇಳುತ್ತಿದ್ದರು. ಅವರಲ್ಲಿ ಒಬ್ಬರು ಆಗಲೇ ಎದ್ದು ಬಂದು, ತಮ್ಮ ಮೊಮ್ಮಗನಿಗೆ ಬಂದಿರುವ ಎರಡು ಹೆಣ್ಣಿನಲ್ಲಿ ಯಾವುದಾಗುತ್ತದೆ, ಫೋನಿನಲ್ಲಿ ಕೇಳಿ ಹೇಳುತ್ತೀರಾ ಎಂದು ವಿಚಾರಿಸಿಕೊಂಡು ಹೋಗಿದ್ದರು. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿ ಸಿಗದಿದ್ದ ಗೌರವ ಅದು.

ಮಾವ ಸೌಟು ಹಿಡಿದು ಪಂಕ್ತಿಯಲ್ಲಿ ಬಂದರು. ನನ್ನ ಎಲೆಯ ಮುಂದೆ ನಿಂತು, ಹುಡುಕಿ ಹುಡುಕಿ, ಮಜ್ಜೆ ತುಂಬಿದ ಒಳ್ಳೆಯ ನಲ್ಲಿಮೂಳೆಯೊಂದನ್ನು ಎತ್ತಿ ಹಾಕಿದರು. ಕ್ಷಮಿಸಿದರು ಎಂದು ನನ್ನ ಎದೆ ತುಂಬಿತು. ಅವರು ಅಷ್ಟಕ್ಕೇ ಮುಂದೆ ಹೋಗಲಿಲ್ಲ. ಸೌಟಿನ ಮೇಲೆ ಕೈಯೂರಿ ನನ್ನನ್ನೇ ನೋಡುತ್ತ ನಿಂತರು.

"ಒಂದ್ ಯೋಚ್ನೆ ಬತ್ತದೆ ಅಳೀಮಯ್ಯ" ಎಂದರು. "ನಮ್ ಸವಿತಂಗೆ ನಿಮ್ ಸಂಬಂಧ ಬಂದಾಗ ನಾನು ಊರು, ಕುಲ, ಕೆಲಸ ಎಲ್ಲಾನೂ ವಿಚಾರ್ಸಿದ್ದೆ. ಆಗೇ ಈ ಆಪು ಒಂದ್ ಇದ್ದಿದ್ರೆ ಎಷ್ಟ್ ಚೆನ್ನಾಗಿರದು."

ಮುಂದಿನ ಎಲೆಗೆ ಬಡಿಸಲು ಹೋದರು. ಪಕ್ಕದಲ್ಲಿ ಕೂತಿದ್ದ ಸವಿತ ಅವರ ಮಾತನ್ನು ಅಲ್ಲಗಳೆಯುತ್ತಾಳೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅವಳು ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ನಾನು ತಲೆ ತಗ್ಗಿಸಿ ಮೂಳೆ ಚೀಪತೊಡಗಿದೆ.